ಹೆಡ್ ಬಿಚ್ಚೂ ಮೊದಲ ಡಬ್ಬಿ ನೋಡ್ರಿ

ಹೋದ ರವಿವಾರ ಬೆಳಗಾವಿ ಟ್ಯಾಕ್ಸಿ ಹುಡುಗೂರು ಕೂಡಿ ನನ್ನ ಕರದಿದ್ರು, ಉದ್ಯಮಬಾಗ ಕಡೆ ಒಂದು ಖಾಲಿ ಶೆಡ್ಡಿನಾಗ, ಕುರ್ಚಿ ಒಂದು ಐವತ್ತು ಹಾಕಿದ್ರು, ಗ್ವಾಡಿಗಿ ಆತು ನಿಂತವರು ಬ್ಯಾರೆ. ಐಟಿಐ ಕಲಿಯೂ ಹುಡುಗೂರೂ ಬಂದಿದ್ರು. "ಆಯಿಲ್ ಲೀಕು, ಕೂಲಂಟು ಕೆಡೂದು, ಇದರ ಬಗ್ಗೆ ಒಂದು ತಾಸು ಮಾತಾಡ್ರಿ ಮಾಮಾ" ಅಂದಿದ್ರು, ನಾ ಎರಡು ತಾಸು ಮಾತಾಡಿದೆ. ಒಬ್ಬಾಂವ ಮೊಬೈಲಿನಾಗ ರೆಕಾರ್ಡ್ ಮಾಡ್ಕೊಂಡಿದ್ದ, ಅದನ್ನ ಕೇಳ್ಕೋಂತ ಬರದೀನಿ. ಚಹಾ ಬಂದಾಗಿನ ಗದ್ದಲ, ಹೊರಗ ಲಾರಿ ಹಾರ್ನು, ನಾ ಹೇಳಿದ್ದನ್ನ ಹೇಳಿದ್ದು, ಇವನ್ನೆಲ್ಲಾ ತಗದೀನಿ, ಉಳಿದದ್ದು ಮಾತಾಡಿದಂಗ ಐತಿ.

ಎಲ್ಲಾರಿಗೂ ನಮಸ್ಕಾರ ರೀ. ನಾ ಭಾಷಣ ಮಾಡಾಂವ ಅಲ್ಲ, ಪಾನಾ ಹಿಡಿಯಾಂವ, ಅದಕ್ಕ ನನ್ನ ತಪ್ಪಿನಿಂದನ ಚಾಲೂ ಮಾಡ್ತೀನಿ. ಗ್ಯಾರೇಜ್ ಹಾಕಿ ಎರಡು ವರ್ಷ ಆಗಿರಲಿಲ್ಲ, ಖಾನಾಪುರ ಕಡೆಯಿಂದ ಒಬ್ರು ಕಾಕಾ ಡೀಸಲ್ ಗಾಡಿ ತಂದ್ರು. ಬಾನೆಟ್ ಎತ್ತಿ ಕೂಲಂಟ್ ಡಬ್ಬಿ, ಅಂದ್ರ ಇಂಜಿನ್ ಥಂಡ ಇಡೂ ನೀರಿನ ಡಬ್ಬಿ, ಅದರ ಬೂಚು ತಗದ್ರ ಒಳಗ ನಮ್ಮ ಬೆಳಗಾವಿ ಸಿಹಿ ಕುಂದಾ ಇದ್ದಂಗ ಐತಿ, ಕಂದು ಬಣ್ಣ, ಮಂದ, ಬಟ್ಟು ಅದ್ದಿದ್ರ ಬಟ್ಟಿಗಿ ಹತ್ತಿಕೊಂಡು ಬರತೈತಿ. ನಾ ಹೆಚ್ಚಿಗಿ ವಿಚಾರ ಮಾಡಲಿಲ್ಲ. "ಕಾಕಾ, ಹೆಡ್ ಗ್ಯಾಸ್ಕೆಟ್ ಹೋಗೇತಿ" ಅಂದೆ. ಹೆಡ್ ಅಂದ್ರ ಇಂಜಿನ್ನಿನ ಮ್ಯಾಲಿನ ಭಾಗ, ಗ್ಯಾಸ್ಕೆಟ್ ಅಂದ್ರ ಅದಕ್ಕೂ ತೆಳಗಿನ ಬ್ಲಾಕಿಗೂ ನಡುವಿನ ಪ್ಯಾಕಿಂಗ್. ಅಷ್ಟು ಜೋರಾಗಿ ಅಂದೆ, ಅವರು ಎದುರು ಮಾತಾಡಲಿಲ್ಲ. ಹೆಡ್ ಬಿಚ್ಚಿದೆ, ಇಲ್ಲೇ ಉದ್ಯಮಬಾಗದಾಗ ಫೇಸಿಂಗ್, ಅಂದ್ರ ಅದರ ತಳಾ ತಿಕ್ಕಿ ಸಪಾಟ ಮಾಡಿಸಿದೆ, ಹೊಸಾ ಗ್ಯಾಸ್ಕೆಟ್, ಹೊಸಾ ಬೋಲ್ಟ್, ನಾಕು ದಿನದ ಕೆಲಸ. ಗಾಡಿ ಹೋತು. ಹತ್ತು ದಿನಕ್ಕ ಕಾಕಾ ಮತ್ತ ಬಂದ್ರು, ಡಬ್ಬಿಯಾಗ ಮತ್ತ ಕುಂದಾ.

ಆವಾಗ ನಮ್ಮ ಓಣಿಯಾಗ ಒಬ್ರು ವಯಸ್ಸಾದ ಮಿಸ್ತ್ರಿ ಇದ್ರು, ಸಂಜಿಕ ಚಹಾ ಕುಡಿಯಾಕ ಬರ್ತಿದ್ರು. ಅವರು ಗಾಡಿ ಮುಟ್ಟಲಿಲ್ಲ, ಕೈಕಟ್ಟಿ ನಿಂತು ಒಂದ ಮಾತು ಕೇಳಿದ್ರು, "ತಮ್ಮಾ, ಡಿಪ್ ಸ್ಟಿಕ್ ನೋಡಿದ್ಯಾ?" ಡಿಪ್ ಸ್ಟಿಕ್ ಅಂದ್ರ ಆಯಿಲ್ ಮಟ್ಟ ಅಳಿಯೂ ಸಳಿ. ನೋಡಿರಲಿಲ್ಲ ರೀ. ಜಗ್ಗಿ ತಗದು ಅರಿವಿಲೆ ಒರಸಿ ಮತ್ತ ಹಾಕಿ ತಗದ್ರ ಆಯಿಲ್ ಸ್ವಚ್ಛ, ಕರ್ರಗ ಇರಬೇಕಾದಂಗ ಕರ್ರಗ ಐತಿ, ಒಂದು ಹನಿ ನೀರಿನ ಗುರ್ತಿಲ್ಲ. "ಹಂಗಾರ ಆಯಿಲ್ ನೀರಿಗಿ ಹೋಗೇತಿ, ನೀರು ಆಯಿಲಿಗಿ ಬಂದಿಲ್ಲ, ಆಯಿಲ್ ಕೂಲರ್ ಬಿಚ್ಚು" ಅಂದ್ರು. ಕೂಲರ್ ಅಂದ್ರ ನೀರಿನಿಂದ ಆಯಿಲ್ ಥಂಡ ಮಾಡೂ ಭಾಗ, ಬಿಚ್ಚಿದ್ರ ಅದರ ರಬ್ಬರ್ ರಿಂಗು ಕಲ್ಲಿನಂಗ ಆಗಿ ಸೀಳಿತ್ತು. ಒಂದು ತಾಸಿನ ಕೆಲಸ. ಹೆಡ್ಡಿನ ಮಜೂರಿ ಕಾಕಾಗ ವಾಪಸ್ ಕೊಟ್ಟೆ, ಫೇಸಿಂಗ್ ರೊಕ್ಕ ನನ್ನ ಕಿಸೆದಿಂದ ಹೋತು, ಮರ್ಯಾದಿ ಹೋದದ್ದು ಲೆಕ್ಕಕ್ಕ ಸಿಗಂಗಿಲ್ಲ ಬಿಡ್ರಿ.

ಈಗ ಅದರ ಹಿಂದಿನ ಗುಟ್ಟು ಹೇಳ್ತೀನಿ, ಇಷ್ಟು ತಲಿಯಾಗ ಕುಂತ್ರ ಉಳಿದದ್ದೆಲ್ಲಾ ತಾನ ಬರತೈತಿ. ಇಂಜಿನ್ ಅಂದ್ರ ಮೂರು ಮನಿ ಒಂದ ಗ್ವಾಡಿಗಿ ಹೊಂದಿಕೊಂಡು ಇದ್ದಂಗ, ಒಂದರಾಗ ಆಯಿಲ್, ಒಂದರಾಗ ನೀರು, ಒಂದರಾಗ ಬೆಂಕಿ. ಮೂರರ ಒತ್ತಡ ಬ್ಯಾರೆ ಬ್ಯಾರೆ. ನೀರಿನ ಕಡೆ ಬಿಸಿ ಆದಾಗ ಹೆಚ್ಚಂದ್ರ 1 ಬಾರ್ ಸುತ್ತಮುತ್ತ, ನಿಮ್ಮ ಟೈರಿನಾಗಿನ ಗಾಳಿಯ ಅರ್ಧ ಅನ್ಕೋರಿ. ಆಯಿಲ್ ಗಾಡಿ ಓಡುವಾಗ 3-4 ಬಾರ್. ಬೆಂಕಿಯ ಮನಿಯಾಗ ಪೆಟ್ರೋಲ್ ಇದ್ರ 50 ಬಾರ್ ಸುಮಾರು, ಈಗಿನ ಡೀಸಲ್ ಆದ್ರ 100 ದಾಟತೈತಿ. ನೀರು ಯಾವಾಗ್ಲೂ ಇಳಕಲಕ್ಕ ಹರೀತೈತಿ ಅಲ್ಲಾ, ಇಲ್ಲಿ ಇಳಕಲು ಅಂದ್ರ ಒತ್ತಡ ಕಡಿಮಿ ಇದ್ದ ಕಡೆ. ಹಂಗಾಗಿ ಆಯಿಲ್ ಮತ್ತ ನೀರಿನ ನಡುವಿನ ಗ್ವಾಡಿ ಬಿರುಕು ಬಿಟ್ರ ಇಂಜಿನ್ ಚಾಲೂ ಇದ್ದಾಗ ಆಯಿಲ್ ನೀರಿನ ಕಡೆ ನುಗ್ಗತೈತಿ, ಅದಕ್ಕ ಡಬ್ಬಿ ಕುಂದಾ ಆಗತೈತಿ, ಡಿಪ್ ಸ್ಟಿಕ್ ಮಾತ್ರ ಸ್ವಚ್ಛ ಕಾಣತೈತಿ. ಬಂದ್ ಮಾಡಿದ ಕೂಡ್ಲೆ ಆಯಿಲ್ ಒತ್ತಡ ಸೊನ್ನಿಗಿ ಬೀಳತೈತಿ, ಆದ್ರ ನೀರು ಇನ್ನೂ ಬಿಸಿ, ಪೈಪು ಇನ್ನೂ ಬಿಗಿ, ಆವಾಗ ಇಳಕಲು ತಿರುಗತೈತಿ, ಸ್ವಲ್ಪ ನೀರು ಆಯಿಲಿಗೂ ಬರಬಹುದು. ಅದಕ್ಕ ದೊಡ್ಡ ಬಿರುಕು ಆದ್ರ ಎರಡೂ ಕಡೆ ಹೊಲಸು ಆಗತೈತಿ, ಆದ್ರ ಮೊದಲು ಎಲ್ಲಿ ಆತು, ಎಲ್ಲಿ ಜಾಸ್ತಿ ಐತಿ ಅನ್ನೂದು ಸುಳ್ಳು ಹೇಳಂಗಿಲ್ಲ.

ಬೆಂಕಿ ಮನಿಯ ಗ್ವಾಡಿ ಒಡದ್ರ ಅದು ಬ್ಯಾರೆ ಕಥಿ. ಹೊಗಿ ನೀರಿಗಿ ನುಗ್ಗತೈತಿ, ಡಬ್ಬಿಯಾಗ ಗುಳ್ಳಿ ಏಳತಾವ, ಅಲ್ಲಿ ಎಣ್ಣಿ ಇರಬೇಕಂತ ಏನೂ ಇಲ್ಲ. ಮಂದಿ ಏನು ಮಾಡ್ತಾರ, ಎಣ್ಣಿ ಕಂಡ್ರ ಗ್ಯಾಸ್ಕೆಟ್, ಗುಳ್ಳಿ ಕಂಡ್ರ ಗ್ಯಾಸ್ಕೆಟ್, ಬಿಳೇ ಹೊಗಿ ಕಂಡ್ರ ಗ್ಯಾಸ್ಕೆಟ್. ಎಲ್ಲಾ ಜ್ವರಕ್ಕೂ ಒಂದ ಗುಳಗಿ.

(ಇಲ್ಲಿ ಹಿಂದಿನ ಸಾಲಿನಾಗ ಒಬ್ರು ಎದ್ದು, ಆಯಿಲ್ ಹಾಕೂ ಮುಚ್ಚಳದ ಒಳಗ ಬೆಣ್ಣಿ ಹಂಗ ಬಂದೇತಿ, ನನ್ನ ಗಾಡಿ ಕಥಿ ಮುಗೀತಾ ಅಂತ ಕೇಳಿದ್ರು. ಎಷ್ಟು ದೂರ ಓಡಸ್ತೀರಿ ಅಂತ ಕೇಳಿದೆ. ಟಿಳಕವಾಡಿಯಿಂದ ಖಡೇಬಜಾರ ಅಂಗಡಿಗಿ, ಅಷ್ಟ ಅಂದ್ರು.)

ನೋಡ್ರಿ ಅಣ್ಣಾರ, ಒಂದು ಲೀಟರ್ ಪೆಟ್ರೋಲ್ ಸುಟ್ರ ಹೆಚ್ಚು ಕಡಿಮಿ ಒಂದು ಲೀಟರ್ ನೀರು ಹುಟ್ಟತೈತಿ, ಉಗಿ ಆಗಿ ಸೈಲೆನ್ಸರಿನಿಂದ ಹೋಗತೈತಿ. ಖರೆ ಹೇಳ್ತೀನಿ, ಅದಕ್ಕ ಥಂಡಿಯಾಗ ಮುಂಜಾನಿ ಸೈಲೆನ್ಸರ್ ಹನಿ ಹನಿ ಮಾಡತೈತಿ, ಅದನ್ನ ನೋಡಿ ಹೆದರಬ್ಯಾಡ್ರಿ. ಅದರಾಗ ಸ್ವಲ್ಪ ಉಗಿ ಪಿಸ್ಟನ್ ದಾಟಿ ತೆಳಗ ಆಯಿಲ್ ಕೂಡೂ ಚೇಂಬರಿಗೂ ಇಳೀತೈತಿ. ಇಂಜಿನ್ ಪೂರ್ತಿ ಕಾದ್ರ ಅದು ಹಾರಿ ಹೋಗತೈತಿ, ನೀವು ಮೂರು ಕಿಲೋಮೀಟರಿಗಿ ಬಂದ್ ಮಾಡಿದ್ರ ಎಲ್ಲಿ ಕಾಯಬೇಕು ಅದು. ನಮ್ಮ ಊರಿನ ಮಳಿಗಾಲ ಗೊತ್ತಲ್ಲ, ಗಾಳಿಯಾಗ ನೀರು. ಮ್ಯಾಲಿನ ಮುಚ್ಚಳ ಥಂಡ ಇರತೈತಿ, ಉಗಿ ಅಲ್ಲಿ ಕುಂತು ಎಣ್ಣಿ ಜೋಡಿ ಕಲತು ಬೆಣ್ಣಿ ಆಗತೈತಿ. ಒಂದು ದಿನ ನಿಪ್ಪಾಣಿ ತನಕ ಹೈವೇದಾಗ ಹೊಡಕೊಂಡು ಬರ್ರಿ, ಬಂದು ಒರಸ್ರಿ, ಆಮ್ಯಾಲ ಎಂಟು ದಿನ ಬಿಟ್ಟು ನೋಡ್ರಿ. ಡಿಪ್ ಸ್ಟಿಕ್ ಸ್ವಚ್ಛ, ಕೂಲಂಟ್ ಕಡಿಮಿ ಆಗಿಲ್ಲ ಅಂದ್ರ ಅದು ಬ್ಯಾನಿ ಅಲ್ಲ.

ಖರೇನ ಕೂಲಂಟ್ ಆಯಿಲಿಗಿ ಬಂದೇತೋ ಇಲ್ಲೋ ನೋಡೂದು ಹೆಂಗ? ಗಾಡಿ ರಾತ್ರಿಯೆಲ್ಲಾ ಸಪಾಟ ಜಾಗಾದಾಗ ನಿಂದ್ರಸ್ರಿ. ನೀರು, ಕೂಲಂಟಿನಾಗ ಕಲಸಿರೂ ಗ್ಲೈಕಾಲು ಎರಡೂ ಎಣ್ಣಿಗಿಂತ ವಜ್ಜಾ, ತೆಳಗ ಇಳದು ಚೇಂಬರಿನ ತಳಕ್ಕ ಕೂಡತಾವ. ಮುಂಜಾನಿ ಇಂಜಿನ್ ಚಾಲೂ ಮಾಡದ ಡ್ರೇನ್ ಬೋಲ್ಟ್ ಮೆಲ್ಲಕ ಸಡ್ಲ ಮಾಡ್ರಿ, ಪೂರ್ತಿ ತಗೀಬ್ಯಾಡ್ರಿ. ಮೊದಲ ನಾಕು ಹನಿ ಏನು ಬರತಾವ ಅದ ಉತ್ತರ. ಹಸರು ಇಲ್ಲಾ ಗುಲಾಬಿ ನೀರು ಬಂತಂದ್ರ ಮುಂದ ಮಾತ ಇಲ್ಲ. ಸ್ವಲ್ಪ ಕಲತು ಹೋಗಿದ್ರ ಕಣ್ಣಿಗಿ ಕಾಣಂಗಿಲ್ಲ, ಅದಕ್ಕ ಇನ್ನೊಂದು ಐತಿ, ಒಂದು ತಗಡಿನ ತುಂಡು ಇಸ್ತ್ರಿ ಪೆಟ್ಟಿಗಿ ಕಾದಷ್ಟು ಕಾಸಿ ಆಯಿಲ್ ಒಂದು ಹನಿ ಬಿಡ್ರಿ. ಸುಮ್ಮನ ಹರಡಿ ಹೊಗಿ ಆಡಿದ್ರ ಛಲೋ, ಒಗ್ಗರಣಿ ಹಂಗ ಚಟಚಟ ಅಂದ್ರ ನೀರು ಐತಿ. ಮನಿ ಹಂಚು ತಗೋಬ್ಯಾಡ್ರಿ ಮತ್ತ, ಕೂಲಂಟ್ ವಿಷ. ಅದರ ರುಚಿ ಸಿಹಿ, ನಾಯಿ, ಬೆಕ್ಕು, ಕರಾ ನೆಕ್ಕಿ ಸಾಯ್ತಾವ, ಮೂತ್ರಪಿಂಡ ಹೋಗತಾವ. ತಗದ ಕೂಲಂಟನ್ನ ಗಟಾರಕ್ಕ ಸುರವೂದು, ಬುಟ್ಟಿಯಾಗ ತೆರದಿಡೂದು ಮಾಡಬಾರದು. ನಮ್ಮ ಗ್ಯಾರೇಜಿನಾಗ ಮುಚ್ಚಳ ಇದ್ದ ಕ್ಯಾನಿಗ ಹಾಕ್ತೀವಿ.

ಕೂಲಂಟ್ ಬಗ್ಗೆ ಒಂದೆರಡು ಮಾತು. ಭಾಳ ಮಂದಿ ಅಂತಾರ, ಇಲ್ಲಿ ಏನು ಬರ್ಫ್ ಬೀಳತೈತಿ, ನೀರು ಹಾಕಿದ್ರ ನಡೀತೈತಿ ಬಿಡ್ರಿ ಅಂತ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮ್ಯಾಲ ಐತಿ, ಇಲ್ಲಿ ಬರೇ ನೀರು 97-98 ಡಿಗ್ರಿಗ ಕುದೀತೈತಿ. ಗ್ಲೈಕಾಲು ಅರ್ಧಕ್ಕರ್ಧ ಕಲಸಿದ್ರ 105ರ ಹತ್ರ ಹೋಗತೈತಿ, ಅದರ ಮ್ಯಾಲ ರೇಡಿಯೇಟರ್ ಕ್ಯಾಪಿನ ಒತ್ತಡ ಸೇರಿದ್ರ ಇನ್ನೂ ಒಂದು ಇಪ್ಪತ್ತು ಡಿಗ್ರಿ ಮ್ಯಾಲ ಹೋಗತೈತಿ. ಕ್ಯಾಪಿನ ನೆತ್ತಿ ಮ್ಯಾಲ 0.9 ಇಲ್ಲಾ 1.1 ಅಂತ ಬರದಿರತೈತಿ, ಬಾರ್ ಲೆಕ್ಕ ಅದು. ಒಂದು ಸಣ್ಣ ಕ್ಯಾಪು ಸಡ್ಲ ಆದ್ರೂ ಗಾಡಿ ಕುದ್ದು ಉಕ್ಕತೈತಿ, ಮಂದಿ ಹೆಡ್ ಬಿಚ್ಚಸ್ತಾರ. ಮುಂಜಾನಿ ಎದ್ದು ನೋಡಿದಾಗ ಮ್ಯಾಲಿನ ರಬ್ಬರ್ ಪೈಪು ಚಪ್ಪಟಿ ಆಗಿ ಒಳಗ ಹೀರಿಕೊಂಡಿದ್ರ ಅದೂ ಕ್ಯಾಪಿಂದ ತಪ್ಪು, ಥಂಡ ಆದಾಗ ಡಬ್ಬಿಯಿಂದ ನೀರು ವಾಪಸ್ ಬಿಡೂ ಸಣ್ಣ ವಾಲ್ವ್ ಹಿಡಕೊಂಡೇತಿ ಅಂತ ಅರ್ಥ. ಕುದಿಯೂದಕ್ಕಿಂತ ದೊಡ್ಡದು ತುಕ್ಕು. ಬರೇ ಬೋರ್ ನೀರು ಹಾಕಿದ ರೇಡಿಯೇಟರ್ ಬಿಚ್ಚಿ ನೋಡ್ರಿ, ನಿಮ್ಮ ಮನಿ ಬಾಯ್ಲರಿನಾಗಿನ ಕಾಯಿಲ್ ಮ್ಯಾಲ ಸುಣ್ಣ ಹತ್ತೇತಲ್ಲಾ, ಅಗದಿ ಹಂಗ. ಬಾಗಲಕೋಟಿ ಕಡೆ ಅಂತೂ ಸುಣ್ಣದ ಕಲ್ಲಿನ ನೆಲ, ಲೋಕಾಪುರ ಭಾಗದ ಗಾಡಿ ಬಂದ್ರ ನಾ ಮೊದಲ ಕೇಳೂದ "ಯಾವ ನೀರು ಹಾಕೀರಿ". ಡಿಸ್ಟಿಲ್ಡ್ ವಾಟರ್ ಹಾಕ್ರಿ, ಬ್ಯಾಟರಿ ಅಂಗಡಿಯಾಗ ಸಿಗತೈತಿ. ಮತ್ತ ರೆಡಿಮಿಕ್ಸ್ ಕ್ಯಾನ್ ತಂದು ಅದಕ್ಕ ಮತ್ತ ನೀರು ಕಲಸಬ್ಯಾಡ್ರಿ, ಕ್ಯಾನ್ ಮ್ಯಾಲ ಓದ್ರಿ. ಬಣ್ಣಾ ನೋಡಿ ಕಲಸೂದೂ ತಪ್ಪು, ಹಸರೆಲ್ಲಾ ಒಂದ ಅಲ್ಲ, ಗುಲಾಬಿಯೆಲ್ಲಾ ಒಂದ ಅಲ್ಲ, ಕೂಡದಿದ್ದದ್ದನ್ನ ಕೂಡಿಸಿದ್ರ ಅಂಟಿನಂಗ ಗಟ್ಟಿ ಆಗತೈತಿ, ಅದನ್ನೂ ನೋಡಿ ಎಣ್ಣಿ ಬಂದೇತಿ ಅಂತಾರ. ಎಣ್ಣಿ ಆದ್ರ ಬಟ್ಟಿನ ನಡುವ ತಿಕ್ಕಿದ್ರ ಜಾರತೈತಿ, ನೀರಿನಾಗ ತೊಳದ್ರ ಹೋಗಂಗಿಲ್ಲ.

ಈಗ ಚೋರ್ಲಾ ಘಾಟಿಗಿ ಬರೂನು, ಇಲ್ಲಿ ಅರ್ಧ ಮಂದಿ ಗೋವಾ ಬಾಡಿಗಿಯವರ ಅದೀರಿ. ಸಾಖಳಿ ದಾಟಿ ಮ್ಯಾಲ ಹತ್ತುವಾಗ, ಎಸಿ ಚಾಲೂ, ಏಳು ಮಂದಿ, ಮ್ಯಾಲ ಲಗೇಜು, ಎರಡನೇ ಗೇರಿನಾಗ ಇಂಜಿನ್ ಚೀರತೈತಿ, ಗಾಳಿ ಕಡಿಮಿ. ಗ್ಯಾಸ್ಕೆಟ್ ಅರ್ಧ ಹೋದ ಗಾಡಿ ಊರಾಗ ಏನೂ ತೋರಸಂಗಿಲ್ಲ, ಇಲ್ಲಿ ತೋರಸತೈತಿ. ಒಬ್ರು ನನಗ ಹೇಳಿದ್ರು, "ಮಾಮಾ, ಮೀಟರ್ ಮುಳ್ಳು ಮ್ಯಾಲ ಹೋಗಿತ್ತು, ಆಮ್ಯಾಲ ತಾನ ತೆಳಗ ಬಂತು, ಸರಿ ಆತು ಅಂತ ಹೊಡದೆ, ಕಣಕುಂಬಿ ಬರೂದ್ರಾಗ ಇಂಜಿನ್ ಜಾಮ್". ಯಾಕ ತೆಳಗ ಬಂತು? ಟೆಂಪರೇಚರ್ ಸೆನ್ಸರ್ ನೀರಿನಾಗ ಮುಳುಗಿದ್ರ ಅಷ್ಟ ಖರೆ ಹೇಳತೈತಿ. ನೀರು ಖಾಲಿ ಆಗಿ ಅದು ಗಾಳಿಯಾಗ ಜೋತಾಡಿದ್ರ ಕಡಿಮಿ ತೋರಸಬಹುದು. ಮುಳ್ಳು ಮ್ಯಾಲ ಹೋಗಿ ಒಮ್ಮೆಲೆ ಬಿತ್ತಂದ್ರ ಗಾಡಿ ಸರಿ ಆಗಿಲ್ಲ, ನೀರು ಮುಗದೇತಿ. ಎಸಿ ಬಂದ್ ಮಾಡ್ರಿ, ಬಾಜೂಕ ಹಚ್ರಿ, ಇಂಜಿನ್ ಬಂದ್ ಮಾಡ್ರಿ, ಕ್ಯಾಪ್ ಮುಟ್ಟಬ್ಯಾಡ್ರಿ, ಮಾರಿ ಸುಟ್ಟಕೊಂಡವರನ್ನ ನಾ ಕಣ್ಣಾರೆ ಕಂಡೀನಿ. ಹಳ್ಳದ ಥಣ್ಣನ ನೀರು ತಂದು ಕಾದ ಇಂಜಿನ್ ಮ್ಯಾಲ ಸುರದ್ರ ಇಂಜಿನ್ನಿನ ಬೀಡು ಕಬ್ಬಿಣ ಸೀಳತೈತಿ, ಕಾದ ಗಾಜಿನ ಲೋಟಕ್ಕ ನೀರು ಹಾಕಿದಂಗ.

ಗ್ಯಾಸ್ಕೆಟ್ ಯಾಕ ಹೋಗತೈತಿ ಅಂದ್ರ, ಭಾಳ ಗಾಡಿಯಾಗ ಹೆಡ್ ಅಲ್ಯುಮಿನಿಯಂ, ತೆಳಗಿನ ಬ್ಲಾಕ್ ಬೀಡು. ಅಲ್ಯುಮಿನಿಯಂ ಬೀಡಿನ ಎರಡರಷ್ಟು ಹಿಗ್ಗತೈತಿ. 400 ಮಿಲಿಮೀಟರ್ ಉದ್ದದ ಹೆಡ್ಡು 80 ಡಿಗ್ರಿ ಬಿಸಿ ಏರಿದ್ರ ಮುಕ್ಕಾಲು ಮಿಲಿಮೀಟರ್ ಹತ್ರ ಬೆಳೀತೈತಿ, ಬ್ಲಾಕ್ ಅದರ ಅರ್ಧ. ನಡುವ ಸಿಕ್ಕ ಗ್ಯಾಸ್ಕೆಟ್ ದಿನಾ ಈ ಜಗ್ಗಾಟ ತಡಕೋತೈತಿ. ಒಮ್ಮೆ ಗಾಡಿ ಹದ್ದು ಮೀರಿ ಕಾದ್ರ ಹೆಡ್ ಸೊಟ್ಟ ಆಗತೈತಿ, ಮುಂದ ಬೆಂಕಿಗಿ ದಾರಿ ಸಿಗತೈತಿ.

ಗ್ಯಾಸ್ಕೆಟ್ ಹೋದದ್ದಕ್ಕ ನಾ ನಂಬೂ ಗುರ್ತು ಒಂದು ಐತಿ, ಕೈ ಅಷ್ಟ ಸಾಕು. ರಾತ್ರಿ ನಿಂತ ಗಾಡಿ, ಪೂರಾ ಥಂಡ. ಕ್ಯಾಪ್ ತಗದು ಮತ್ತ ಹಾಕ್ರಿ, ಒಳಗಿನ ಒತ್ತಡ ಸೊನ್ನಿ ಆತು. ಚಾಲೂ ಮಾಡ್ರಿ, ಒಂದೆರಡು ನಿಮಿಷಕ್ಕ ಮ್ಯಾಲಿನ ಪೈಪು ಹಿಚುಕಿ ನೋಡ್ರಿ. ನೀರು ಇನ್ನೂ ಥಂಡ ಐತಿ, ಪೈಪು ಮೆತ್ತಗ ಇರಬೇಕು. ಕಬ್ಬಿನ ಗಣಿಕಿ ಹಂಗ ಗಟ್ಟಿ ಆಗಿದ್ರ ಒಳಗ ಯಾವುದೋ ಗಾಳಿ ತುಂಬಾಕತ್ತೇತಿ, ಆ ಗಾಳಿ ಸಿಲಿಂಡರಿಂದ ಬಿಟ್ರ ಬ್ಯಾರೆ ಎಲ್ಲಿಂದ ಬರಬೇಕು. ಇದನ್ನ ಪಕ್ಕಾ ಮಾಡ್ಕೊಳ್ಳಾಕ ಬ್ಲಾಕ್ ಟೆಸ್ಟರ್ ಅಂತ ಬರತೈತಿ, ಗಾಜಿನ ನಳಿಗಿ, ಒಳಗ ನೀಲಿ ನೀರು. ರೇಡಿಯೇಟರ್ ಬಾಯಿಗಿ ಇಟ್ಟು ಮ್ಯಾಲಿನ ರಬ್ಬರ್ ಉಂಡಿ ಒತ್ತಿದ್ರ ಅಲ್ಲಿನ ಗಾಳಿ ನೀಲಿ ನೀರಿನಾಗಿಂದ ಹಾದು ಬರತೈತಿ, ಇಂಜಿನ್ ಹೊಗಿಯೊಳಗಿನ ಇಂಗಾಲದ ಡೈಆಕ್ಸೈಡ್ ಇದ್ರ ಹಳದಿ ಆಗತೈತಿ. ಡೀಸಲ್ಲಿನಾಗ ಅಷ್ಟು ಚೊಕ್ಕ ಹಳದಿ ಆಗಂಗಿಲ್ಲ, ಹಸರಿಗಿ ತಿರುಗಿದ್ರೂ ಸಂಶಯ ಪಡ್ರಿ, ಮತ್ತ ಐಡಲ್ಲಿನಾಗ ಅಷ್ಟ ಅಲ್ಲ, ಸ್ವಲ್ಪ ರೇಸ್ ಕೊಟ್ಟು ನೋಡ್ರಿ. ಕೂಲಂಟ್ ಹನಿ ನಳಿಗಿಯೊಳಗ ಹೋತಂದ್ರ ಆ ಟೆಸ್ಟ್ ಕೆಟ್ಟಂಗ, ಅದಕ್ಕ ಮೊದಲ ಸ್ವಲ್ಪ ಕೂಲಂಟ್ ತಗದು ಮಟ್ಟ ಇಳಸ್ಕೋರಿ.

ಇನ್ನೊಂದು ಪ್ರೆಶರ್ ಟೆಸ್ಟರ್, ಸೈಕಲ್ ಪಂಪಿನಂಗ ಇರತೈತಿ. ಕ್ಯಾಪ್ ಜಾಗಾದಾಗ ಕುಂಡ್ರಿಸಿ ಕ್ಯಾಪ್ ಮ್ಯಾಲ ಬರದಷ್ಟ ಒತ್ತಡ ಹಾಕಿ ಕಾಲು ತಾಸು ಬಿಡ್ರಿ. ಮುಳ್ಳು ನಿಂತ್ರ ಸರಿ. ಇಳದ್ರ ಹೊರಗ ಎಲ್ಲೋ ಒಸರಾಕತ್ತೇತಿ ಇಲ್ಲಾ ಒಳಗ. ಹೊರಗ ಅಂದ್ರ ವಾಟರ್ ಪಂಪಿನ ತೆಳಗ ಒಂದು ಸಣ್ಣ ತೂತು ಇರತೈತಿ, ಅಲ್ಲಿ ಒಣಗಿದ ಬಿಳೇ ಇಲ್ಲಾ ಗುಲಾಬಿ ಹಕ್ಕಳಿ ಕಂಡ್ರ ಪಂಪಿನ ಸೀಲ್ ಹೋಗೇತಿ. ಗಾಡಿಯೊಳಗ ಸಿಹಿ ವಾಸನಿ, ಕಾಜಿನ ಮ್ಯಾಲ ಜಿಡ್ಡಿನ ಮಂಜು ಬಂದ್ರ ಹೀಟರ್ ಸೋರಾಕತ್ತೇತಿ. ಹೊರಗ ಎಲ್ಲೂ ಹಸಿ ಇಲ್ಲ, ಮುಳ್ಳು ಮಾತ್ರ ಇಳೀತೈತಿ ಅಂದ್ರ ಪೆಟ್ರೋಲ್ ಗಾಡಿಯಾಗ ಪ್ಲಗ್ ತಗೀರಿ, ಮೂರು ಪ್ಲಗ್ ಕಂದು ಬಣ್ಣ, ಒಂದು ಮಾತ್ರ ಹುಣಸೀಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳಿ ಹಂಗ ಥಳಥಳ ಅಂದ್ರ ಆ ಸಿಲಿಂಡರಿಗಿ ನೀರು ಹೋಗಾಕತ್ತೇತಿ, ಉಗಿ ತೊಳದು ಇಟ್ಟೇತಿ. ಇಂಥಾ ಗಾಡಿ ಮುಂಜಾನಿ ಸೆಲ್ಫ್ ಹೊಡದಾಗ ಟಕ್ ಅಂತ ನಿಂತ್ರ ಮತ್ತ ಮತ್ತ ಹೊಡಿಬ್ಯಾಡ್ರಿ. ಗಾಳಿ ಒತ್ತಿದ್ರ ಸಣ್ಣ ಆಗತೈತಿ, ನೀರು ಆಗಂಗಿಲ್ಲ, ಕನೆಕ್ಟಿಂಗ್ ರಾಡ್ ಬಾಗತೈತಿ. ಡೀಸಲ್ ಗಾಡಿಯವರಿಗಿ ಒಂದು ಮಾತು, ಕೂಲಂಟ್ ಕಡಿಮಿ ಆಗಾಕತ್ತೇತಿ, ಬಿಳೇ ಹೊಗಿ ಬರಾಕತ್ತೇತಿ, ಆದ್ರ ಗುಳ್ಳಿ ಇಲ್ಲ, ಪೈಪು ಮೆತ್ತಗ ಐತಿ ಅಂದ್ರ ಇಜಿಆರ್ ಕೂಲರ್ ನೋಡ್ರಿ ಮೊದಲ, ಸುಟ್ಟ ಹೊಗಿ ಸ್ವಲ್ಪ ಥಂಡ ಮಾಡಿ ವಾಪಸ್ ಇಂಜಿನ್ನಿಗಿ ಬಿಡೂ ಭಾಗ ಅದು, ಅದು ಒಳಗ ಒಡದ್ರ ಕೂಲಂಟ್ ಗಾಳಿ ಜೋಡಿ ಇಂಜಿನ್ನಿಗಿ ಹೋಗಿ ಸುಟ್ಟು ಹೋಗತೈತಿ, ತೆಳಗ ಒಂದು ಹನಿ ಬೀಳಂಗಿಲ್ಲ. ಎಷ್ಟು ಹೆಡ್ಡು ಇದರ ಸಲುವಾಗಿ ಸುಮ್ಮಸುಮ್ಮನ ಬಿಚ್ಚ್ಯಾವೋ ದೇವರ ಬಲ್ಲ.

ಆಯಿಲ್ ಲೀಕಿಗಿ ಬರೂನು. ಇದರಾಗ ಟೆಸ್ಟರ್ ಕಡಿಮಿ, ಕಣ್ಣು ಜಾಸ್ತಿ. ಮೊದಲ ಏನು ಸೋರಾಕತ್ತೇತಿ ಅನ್ನೂದು ಗೊತ್ತಾಗಬೇಕಲ್ಲ. ರಾತ್ರಿ ಗಾಡಿ ತೆಳಗ ಒಂದು ದೊಡ್ಡ ರಟ್ಟು ಹಾಸ್ರಿ, ಟಿವಿ ಇಲ್ಲಾ ಫ್ರಿಜ್ಜಿನ ಡಬ್ಬಿದು, ನಾಕೂ ಗಾಲಿ ಎಲ್ಲಿ ಬರತಾವ ಅಂತ ಪೆನ್ನಿಲೆ ಗುರ್ತು ಮಾಡ್ರಿ. ಮುಂಜಾನಿ ರಟ್ಟು ಮಾತಾಡತೈತಿ. ಬಣ್ಣ ಇಲ್ಲ, ವಾಸನಿ ಇಲ್ಲ, ಎಡಗಡೆ ಸೀಟಿನ ಮುಂದ ಅಂದ್ರ ಎಸಿ ನೀರು, ಆರಾಮ ಚಹಾ ಕುಡೀರಿ. ಕಂದು-ಕರಿ ಇಂಜಿನ್ ಆಯಿಲ್. ಕೆಂಪು ಇದ್ರ ಪವರ್ ಸ್ಟೇರಿಂಗ್ ಇಲ್ಲಾ ಆಟೋಮ್ಯಾಟಿಕ್ ಗೇರಿಂದು. ಗಾಲಿ ಹತ್ರ ತಿಳೀ ಹಳದಿ, ಜಾರತೈತಿ ಅಂದ್ರ ಬ್ರೇಕ್ ಆಯಿಲ್, ಆ ಗಾಡಿ ಅಲ್ಲಿಂದ ಕದಲಬಾರದು.

ಇಂಜಿನ್ ಆಯಿಲ್ ಅಂತ ಪಕ್ಕಾ ಆದ್ರ, ಸೋರೂ ಜಾಗಾ ಬ್ಯಾರೆ, ಹನಿ ಬೀಳೂ ಜಾಗಾ ಬ್ಯಾರೆ ಅನ್ನೂದು ನೆನಪಿಡ್ರಿ. ಎಣ್ಣಿ ತೆಳಗ ಇಳೀತೈತಿ, ಗಾಡಿ ಓಡುವಾಗ ಗಾಳಿ ಅದನ್ನ ಹಿಂದಕ್ಕ ದಬ್ಬತೈತಿ. ಗೇರ್ ಬಾಕ್ಸ್ ಮತ್ತ ಇಂಜಿನ್ ಕೂಡೂ ಜಾಗಾದಾಗ ಹನಿ ಕಂಡ ಕೂಡ್ಲೆ "ಹಿಂದಿನ ಕ್ರ್ಯಾಂಕ್ ಸೀಲ್ ಹೋಗೇತಿ, ಗೇರ್ ಬಾಕ್ಸ್ ಇಳಸಬೇಕು" ಅನ್ನಾವ್ರ ಭಾಳ. ಮ್ಯಾಲ ಹತ್ತಿ ನೋಡಿದ್ರ ಟ್ಯಾಪೆಟ್ ಕವರ್, ಅಂದ್ರ ಇಂಜಿನ್ನಿನ ನೆತ್ತಿ ಮ್ಯಾಲಿನ ಮುಚ್ಚಳದ ಹಿಂದಿನ ಮೂಲಿ ಪ್ಯಾಕಿಂಗ್ ಬಿಟ್ಟು, ಅಲ್ಲಿಂದ ಗೆರಿ ಹಿಡದಂಗ ತೆಳಗ ಬಂದಿರತೈತಿ. ಅದಕ್ಕ ಮೊದಲ ಇಂಜಿನ್ ತೊಳೀರಿ, ವಾಯರಿಂಗ್ ಸಾಕೆಟ್ಟು, ಆಲ್ಟರ್ನೇಟರ್ ಪ್ಲಾಸ್ಟಿಕ್ಕಿಲೆ ಕಟ್ಟಿ. ಪೂರ್ತಿ ಒಣಗಿಸಿ ಸಂಶಯ ಇದ್ದ ಕಡೆ ಮಾರಿಗಿ ಹಚ್ಚೂ ಪೌಡರ್ ಉದರಸ್ರಿ, ಹತ್ತು ಕಿಲೋಮೀಟರ್ ಓಡಿಸಿ ಬರ್ರಿ. ಬಿಳೇ ಪೌಡರ್ ಮ್ಯಾಲ ಎಣ್ಣಿ ಎಲ್ಲಿಂದ ಹೊಂಟೇತಿ ಅಂತ ಅಗದಿ ನಕಾಶಿ ತಗದಂಗ ಕಾಣತೈತಿ. ಎಲ್ಲಕ್ಕಿಂತ ಮ್ಯಾಲಿನ, ಎಲ್ಲಕ್ಕಿಂತ ಮುಂದಿನ ಹಸಿ ಯಾವುದೋ ಅದ ಹುಟ್ಟಿದ ಜಾಗಾ. ಯುವಿ ಬಣ್ಣ ಹಾಕಿ ನೀಲಿ ಬ್ಯಾಟರಿಲೆ ನೋಡೂದೂ ಐತಿ, ಛಲೋನ ಕೆಲಸ ಮಾಡತೈತಿ, ಆದ್ರ ಪೌಡರ್ ನಮ್ಮ ಮನ್ಯಾಗನ ಐತಲ್ಲ.

ಸೀಲ್ ಬದಲಿ ಮಾಡೂ ಮೊದಲ ಇಂಜಿನ್ ಉಸಿರಾಡಾಕತ್ತೇತೋ ಇಲ್ಲೋ ನೋಡ್ರಿ. ಪಿಸ್ಟನ್ ದಾಟಿ ತೆಳಗ ಬಂದ ಹೊಗಿ ಹೊರಗ ಹೋಗಾಕ ಬ್ರೀದರ್ ಪೈಪು, ಪಿಸಿವಿ ವಾಲ್ವ್ ಇರತೈತಿ. ಅದು ಮಸಿ ಕಟ್ಟಿ ಮುಚ್ಚಿದ್ರ ಒಳಗ ಒತ್ತಡ ಏರಿ ಎಲ್ಲಾ ಸೀಲಿನಿಂದಲೂ ಎಣ್ಣಿ ದಬ್ಬತೈತಿ. ಇವತ್ತು ಮುಂದಿನ ಸೀಲ್ ಹಾಕಿದ್ರಿ, ನಾಳೆ ಹಿಂದಿಂದು, ನಾಡದ ಡಿಪ್ ಸ್ಟಿಕ್ಕ ಮ್ಯಾಲ ಎದ್ದು ಬರತೈತಿ. ಇಂಜಿನ್ ಚಾಲೂ ಇದ್ದಾಗ ಆಯಿಲ್ ಹಾಕೂ ಬಾಯಿಗಿ ಡಾಕ್ಟರ್ ಹಾಕೂ ರಬ್ಬರ್ ಕೈಚೀಲ ಕಟ್ಟಿ ನೋಡ್ರಿ, ಉಬ್ಬಿ ಕೈ ಎತ್ತಿ ನಿಂತ್ರ ಬ್ರೀದರ್ ಮುಚ್ಚೇತಿ ಇಲ್ಲಾ ರಿಂಗು ಹೋಗ್ಯಾವ. ಇನ್ನ ಪ್ಯಾಕಿಂಗ್ ಮ್ಯಾಲ ಸಿಲಿಕಾನ್ ಪೇಸ್ಟ್ ಮೆತ್ತೂ ಹುಡುಗೂರಿಗಿ ನನ್ನ ಕಡೆಯಿಂದ ಬೈಗಳಾ ಐತಿ. ಹೊರಗ ಎಷ್ಟು ಉಕ್ಕೇತಿ ಅಷ್ಟ ಒಳಗೂ ಉಕ್ಕಿರತೈತಿ. ಅದು ಹರದು ಚೇಂಬರಿಗಿ ಬಿದ್ದು ಆಯಿಲ್ ಹೀರೂ ಜಾಳಗಿಗಿ ಹತ್ತಿದ್ರ ಒಂದು ಹನಿ ಲೀಕ್ ನಿಂದ್ರಸಾಕ ಹೋಗಿ ಇಂಜಿನ್ನ ನಿಂದ್ರಿಸಿದಂಗ.

ಎಣ್ಣಿ ನೀರು ಕಲತ ಗಾಡಿ ರಿಪೇರಿ ಆದ ಮ್ಯಾಲ ಸ್ವಚ್ಛ ಮಾಡೂ ಕೆಲಸ ಅರ್ಧಕ್ಕ ಬಿಡಬಾರದು. ನೀರಿನ ಕಡೆ ಎಣ್ಣಿ ಹೋಗಿದ್ರ ಎಷ್ಟು ಸಲ ತೊಳದ್ರೂ ಮತ್ತ ಜಿಡ್ಡು ಬರತೈತಿ, ತೊಳಕೋಂತ ಇರಬೇಕು. ಕೂಲಂಟಿನ ರಬ್ಬರ್ ಪೈಪು ಎಣ್ಣಿಗಿ ತಡ್ಯಾವಲ್ಲ, ಉಬ್ಬಿ ಮೆತ್ತಗ ಆಗತಾವ, ಹಿಚುಕಿದ್ರ ಹಣ್ಣಾದ ಬಾಳಿಹಣ್ಣಿನಂಗ ಆಗಿದ್ರ ಬದಲಿ ಮಾಡ್ರಿ. ಆಯಿಲ್ ಕಡೆ ಕೂಲಂಟ್ ಬಂದಿದ್ರ ಗಾಡಿ ಓಡಸಬ್ಯಾಡ್ರಿ, ಗ್ಯಾರೇಜ್ ತನಕವೂ ಬ್ಯಾಡ, ಟೋ ಮಾಡ್ರಿ, ಗ್ಲೈಕಾಲು ಬೇರಿಂಗ್ ತಿಂತೈತಿ. ಸರಿ ಆದ ಮ್ಯಾಲ ಹೊಸಾ ಆಯಿಲ್ ಹಾಕಿ ಸ್ವಲ್ಪ ಓಡಿಸಿ ಅದನ್ನೂ ಫಿಲ್ಟರ್ ಸಹಿತ ತಗದು ಮತ್ತ ಹೊಸಾದು ಹಾಕ್ರಿ. ಹೆಡ್ ಖರೇನ ಬಿಚ್ಚೂ ಪ್ರಸಂಗ ಬಂದ್ರ ಸ್ಟ್ರೇಟ್ ಎಡ್ಜ್ ಇಟ್ಟು ಸಂದಿ ಅಳಿಯೂ ಫೀಲರ್ ಗೇಜ್ ಹಾಕಿ ನೋಡ್ರಿ, ಕೂದಲಿಗಿಂತ ಸಣ್ಣ ಸಂದ್ಯೂ ಲೆಕ್ಕಕ್ಕ ಐತಿ, ಎಷ್ಟು ನಡೀತೈತಿ ಅಂತ ಕಂಪನಿ ಮ್ಯಾನುಯಲ್ಲಿನಾಗ ಇರತೈತಿ. ಬೋಲ್ಟ್ ನಡುವಿನಿಂದ ಹೊರಗ, ಟಾರ್ಕ್ ಪಾನಾದಿಂದ, ಮತ್ತ ಈಗಿನ ಭಾಳ ಗಾಡಿಗಿ ಹಳೇ ಬೋಲ್ಟ್ ಹಾಕಬಾರದು, ಒಮ್ಮೆ ಜಗ್ಗಿ ಉದ್ದ ಆದದ್ದು ಮತ್ತ ಆ ಹಿಡತ ಕೊಡಂಗಿಲ್ಲ.

ಕಡೀಕ ಒಬ್ರು ಹಿರೇರು ಎದ್ದು, "ನಮ್ಮ ಕಾಲದಾಗ ರೇಡಿಯೇಟರ್ ಸೋರಿದ್ರ ಅರಿಷಿಣ ಪುಡಿ ಹಾಕ್ತಿದ್ವಿ, ನಿಲ್ತಿತ್ತು" ಅಂದ್ರು. ಎಲ್ಲಾರೂ ನಕ್ರು, ನಾ ನಗಲಿಲ್ಲ. ಖರೆ ಐತ್ರಿ ಕಾಕಾ, ಸೂಜಿ ತೂತಿನಂಥಾದ್ದು ನಿಲ್ಲತೈತಿ, ನಡು ದಾರ್ಯಾಗ ಮನಿ ಮುಟ್ಟಾಕ ಸಾಕು. ಆದ್ರ ಅರಿಷಿಣಕ್ಕ ಯಾವ ತೂತು ಮುಚ್ಚಬೇಕು, ಯಾವುದು ಬಿಡಬೇಕು ಅನ್ನೂದು ಗೊತ್ತಾಗಂಗಿಲ್ಲ, ಹೀಟರಿನ ಸಣ್ಣ ನಳಿಗಿ, ರೇಡಿಯೇಟರಿನ ಸಣ್ಣ ನಳಿಗಿ ಅವನ್ನೂ ಮುಚ್ಚತೈತಿ. ಅಂಗಡಿಯಾಗ ಸಿಗೂ ಸ್ಟಾಪ್ ಲೀಕ್ ಬಾಟ್ಲಿಯೂ ಅದರ ಅಣ್ಣತಮ್ಮನ.

ಆ ಹಿರೇರ ಗಾಡಿನ ಹೊರಗ ನಿಂತಿತ್ತು, ಬಿಳೇ ಡೀಸಲ್ಲು, ಡಬ್ಬಿಯಾಗ ಕಂದು ಕುಂದಾ. ಗ್ಯಾರೇಜಿನಾಗ ಹೆಡ್ ಬಿಚ್ಚಬೇಕು ಅಂದಾರಂತ. ಎಲ್ಲಾರೂ ಹೊರಗ ಬಂದು ಸುತ್ತ ನಿಂತ್ರು. ಡಿಪ್ ಸ್ಟಿಕ್ ತಗದೆ, ಸ್ವಚ್ಛ. ಥಂಡ ಇಂಜಿನ್ ಚಾಲೂ ಮಾಡಿಸಿ ಪೈಪು ಹಿಚುಕಿಸಿದೆ, ಮೆತ್ತಗ. ಮಟ್ಟ ಇಳಿಸಿ ಟೆಸ್ಟರ್ ಹಚ್ಚಿ ರೇಸ್ ಕೊಡಿಸಿದೆ, ಒಂದು ನಿಮಿಷ, ಎರಡು ನಿಮಿಷ, ನೀಲಿ ನೀಲೀನ ಉಳೀತು. ಆಯಿಲ್ ಕೂಲರ್ ಬಿಚ್ಚಿ ಒಂದು ಕಡೆ ಮುಚ್ಚಿ, ಗಾಳಿ ಹಾಕಿ ಬಿಸಿನೀರಿನ ಬಕೆಟ್ಟಿನಾಗ ಮುಳಗಿಸಿದ್ರ ಗುಳ್ಳಿ ಬರತಾವ, ಥಣ್ಣೀರಿನಾಗ ಕೆಲವು ಸಲ ಬರಂಗಿಲ್ಲ, ಸೋಮವಾರ ತರ್ರಿ ಅಂದೆ. ಐಟಿಐ ಹುಡುಗ ಒಬ್ಬಾಂವ, "ಈ ನೀರು ಖರೇನ ಬಣ್ಣ ಬದಲಸತೈತೇನ್ರಿ ಸರ್, ಹಳೇದಾಗಿರಬಹುದು" ಅಂದ. ಒಳ್ಳೆ ಪ್ರಶ್ನಿ. ನಳಿಗಿ ಅವನ ಕೈಯಾಗ ಕೊಟ್ಟು ತೆಳಗಿನ ತುದಿ ಬಾಯಿ ಹತ್ರ ಹಿಡದು ಉಸಿರು ಬಿಡು, ಹೀರಬ್ಯಾಡ ಅಂದೆ, ಮ್ಯಾಲಿಂದ ನಾ ಉಂಡಿ ಒತ್ತಿದೆ. ಹತ್ತು ಸಲ ಒತ್ತೂದ್ರಾಗ ನೀಲಿ ಹಸರಾತು, ಹಸರು ಹಳದಿ ಆತು.

ಹಿರೇರು ಬಗ್ಗಿ ನೋಡಿದ್ರು, ಹುಡುಗನ ಮಾರಿ ನೋಡಿದ್ರು, "ನನ್ನ ಗಾಡಿ ಬಿಡ್ರಿ, ಮೊದಲ ಇವನ ಹೆಡ್ ಬಿಚ್ಚ್ರಿ" ಅಂದ್ರು.